ಉಳಿಸಿದ್ದು ಉಳಿಯುವ ಬಗೆ

ಗಣಕಯಂತ್ರದ ಮುಂದೆ ಕುಳಿತು ಒಂದು ಪತ್ರ ಬರೆದು 'ಉಳಿಸು' ಎಂಬ ಗುಂಡಿಯನ್ನು ಒತ್ತಿದೊಡನೆ ಅದು ಎಲ್ಲೋ ಭದ್ರವಾಗಿ ಸೇರಿತೆಂದು ನಾವೆಲ್ಲ ನಂಬುತ್ತೇವೆ. ಫೋನಿನಲ್ಲಿ ತೆಗೆದ ಚಿತ್ರ, ಅಂಗಡಿಯ ಲೆಕ್ಕ, ಪರೀಕ್ಷೆಯ ಅಂಕ, ಹೊಲದ ಪಹಣಿ ಎಲ್ಲವೂ ಇಂದು ಈ ನಂಬಿಕೆಯ ಮೇಲೆಯೇ ನಿಂತಿವೆ. ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಂದು 'ಧರಣಿ' ಎಂಬ ಭೂದಾಖಲೆ ವ್ಯವಸ್ಥೆ ಆರಂಭವಾಯಿತು. 2025ರ ಏಪ್ರಿಲ್ 14ರಂದು ಅದರ ಸ್ಥಾನಕ್ಕೆ 'ಭೂ ಭಾರತಿ' ಬಂದಿತು. ಅದನ್ನು ಮೊದಲು ಪ್ರಯೋಗಕ್ಕಾಗಿ ಆರಿಸಿಕೊಂಡ ಮಂಡಲಗಳಲ್ಲಿ ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು. ಹಿಂದೊಮ್ಮೆ ಪಟ್ವಾರಿಯ ಮನೆಯ ಸಂದೂಕಿನಲ್ಲಿರುತ್ತಿದ್ದ ಲೆಕ್ಕ ಈಗ ಡಿಸ್ಕಿನಲ್ಲಿದೆ ಎಂದಾಯಿತು. ಹಾಗಾದರೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಏನಾಗುತ್ತದೆ? ಮಾರಿದವನ ಹೆಸರು ಅಳಿದು, ಕೊಂಡವನ ಹೆಸರು ಬೀಳುವ ಮುನ್ನವೇ ಯಂತ್ರ ನಿಂತುಹೋದರೆ ಆ ಎರಡು ಎಕರೆ ಯಾರದು?

ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಹೊತ್ತಿರುವುದು ಗಣಕಯಂತ್ರದ ಒಳಗೆ ಯಾರ ಕಣ್ಣಿಗೂ ಬೀಳದ ಒಂದು ಭಾಗ. ಅದರ ಹೆಸರು ಕಡತ ವ್ಯವಸ್ಥೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಂಬ ಹೆಸರುಗಳನ್ನು ಎಲ್ಲರೂ ಕೇಳಿದ್ದಾರೆ. ಅದರ ತಿರುಳೇ ಕರ್ನಲ್. ಕಡತ ವ್ಯವಸ್ಥೆ ಆ ಕರ್ನಲಿನ ಒಳಗೆ ಕೆಲಸ ಮಾಡುತ್ತದೆ. ಅದನ್ನು ಹೇಗೆ ಕಟ್ಟುತ್ತಾರೆ, ಹೇಗೆ ಸುಧಾರಿಸುತ್ತಾರೆ, ಅದರಲ್ಲಿ ನಮ್ಮ ಪಕ್ಕದ ಬೆಂಗಳೂರಿನವರ ಪಾಲೆಷ್ಟು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಡಿಸ್ಕಿಗೆ 'ಕಡತ' ಎಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕ್ರಮಸಂಖ್ಯೆ ಹಾಕಿದ ಕೋಟಿಗಟ್ಟಲೆ ಚಿಕ್ಕ ಮನೆಗಳು ಮಾತ್ರ. ಇವನ್ನು ಬ್ಲಾಕುಗಳೆನ್ನುತ್ತಾರೆ, ಸಾಮಾನ್ಯವಾಗಿ ಒಂದೊಂದು ಬ್ಲಾಕಿನಲ್ಲಿ 4,096 ಬೈಟು ಹಿಡಿಸುತ್ತವೆ. ಯಾವ ಬ್ಲಾಕು ಯಾರದೆಂದು ಲೆಕ್ಕವಿಡುವುದು ಕಡತ ವ್ಯವಸ್ಥೆಯ ಕೆಲಸ. ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹುಡುಗಿಯೊಬ್ಬಳು ಶಾಲೆಗೆ ಸೇರಿದಾಗ ದಾಖಲಾತಿ ಪುಸ್ತಕದಲ್ಲಿ ಅವಳಿಗೊಂದು ಸಂಖ್ಯೆ ಬೀಳುತ್ತದೆ; ಜನ್ಮದಿನಾಂಕ, ತಂದೆ ತಾಯಿಯರ ಹೆಸರು, ಊರು ಎಲ್ಲ ಆ ಸಂಖ್ಯೆಯ ಎದುರಿಗೆ. ತರಗತಿಯ ಹಾಜರಿ ಪಟ್ಟಿಯಲ್ಲಿ ಹೆಸರು ಮತ್ತು ಸಂಖ್ಯೆ ಇದ್ದರೆ ಸಾಕು. ಲಿನಕ್ಸಿನ ಕಡತ ವ್ಯವಸ್ಥೆಯೂ ಹೀಗೆಯೇ ನಡೆಯುತ್ತದೆ. ಫೋಲ್ಡರು ಎಂಬುದು ಹಾಜರಿ ಪಟ್ಟಿ: ಹೆಸರಿನ ಎದುರಿಗೆ ಒಂದು ಸಂಖ್ಯೆ. ಆ ಸಂಖ್ಯೆಯ ದಾಖಲೆಗೆ ಐನೋಡ್ ಎಂದು ಹೆಸರು. ಕಡತ ಎಷ್ಟು ದೊಡ್ಡದು, ಯಾರದು, ಯಾವಾಗ ಬದಲಾಯಿತು, ಅದರ ಬ್ಲಾಕುಗಳು ಎಲ್ಲೆಲ್ಲಿವೆ ಎಂಬುದೆಲ್ಲ ಐನೋಡಿನಲ್ಲಿರುತ್ತದೆ. ಹೆಸರು ಮಾತ್ರ ಇರುವುದಿಲ್ಲ. ಇವೆರಡರ ಜೊತೆಗೆ ಮೂರನೆಯದೊಂದು ಪಟ್ಟಿ: ಯಾವ ಬ್ಲಾಕು ತುಂಬಿದೆ, ಯಾವುದು ಖಾಲಿ ಎಂಬ ನಕ್ಷೆ. ತುಂಬಿದ್ದಕ್ಕೆ 1, ಖಾಲಿಗೆ 0.

ಹೊಸ ಕಡತವೊಂದನ್ನು ಬರೆಯಬೇಕಾದರೆ ಈ ಮೂರೂ ಕಡೆ ತಿದ್ದುಪಡಿಯಾಗಬೇಕೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಆದರೆ ಮೊದಲು ವೇಗದ ಮಾತು. ಹಳೆಯ ಬಗೆಯ ಡಿಸ್ಕಿನಲ್ಲಿ ತಟ್ಟೆಯೊಂದು ತಿರುಗುತ್ತಿರುತ್ತದೆ, ಅದರ ಮೇಲೆ ಓದುವ ಕಡ್ಡಿ ಒಳಗೂ ಹೊರಗೂ ಸರಿಯುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ಬೇಕು. ಕಡ್ಡಿ ಸರಿದು, ಬೇಕಾದ ಜಾಗ ಸುತ್ತಿಬರುವುದನ್ನು ಕಾಯುವುದು ಎಲ್ಲ ಸೇರಿ ಒಂದು ಸಲಕ್ಕೆ 12 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ಪುಸ್ತಕವೊಂದರ ಮೊದಲ ಪುಟ ನಾರಾಯಣಪೇಟೆಯಲ್ಲಿ, ಎರಡನೆಯದು ಗದ್ವಾಲಿನಲ್ಲಿ, ಮೂರನೆಯದು ಮಕ್ತಲಿನಲ್ಲಿ, ನಾಲ್ಕನೆಯದು ಮತ್ತೆ ಗದ್ವಾಲಿನಲ್ಲಿ ಇದ್ದರೆ ಓದುವವನ ಆಯುಷ್ಯ ಬಸ್ಸಿನಲ್ಲೇ ಕಳೆಯುತ್ತದೆ. ಡಿಸ್ಕಿನದೂ ಇದೇ ಪಾಡು. ಚೆದುರಿದ 1,000 ಬ್ಲಾಕುಗಳನ್ನು, ಎಂದರೆ ಬರೀ 4 ಮೆಗಾಬೈಟನ್ನು, ಓದಲು 12 ಸೆಕೆಂಡು ಬೇಕು. ಅವೇ ಬ್ಲಾಕುಗಳು ಒಂದರ ಪಕ್ಕ ಒಂದಿದ್ದರೆ, ಸೆಕೆಂಡಿಗೆ 100 ಮೆಗಾಬೈಟು ಓದುವ ಡಿಸ್ಕಿಗೆ ಅದು ಸೆಕೆಂಡಿನ 25ನೆಯ ಒಂದು ಭಾಗದ ಕೆಲಸ.

ಇದನ್ನು ಸರಿಪಡಿಸಿದವರಲ್ಲಿ ಹೆಸರಾದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕರ್ಕ್ ಮೆಕುಸಿಕ್, ಬಿಲ್ ಜಾಯ್, ಸ್ಯಾಮುಯಲ್ ಲೆಫ್ಲರ್, ರಾಬರ್ಟ್ ಫೇಬ್ರಿ. ಆಗಿನ ಯುನಿಕ್ಸ್ ಕಡತ ವ್ಯವಸ್ಥೆ ಹೊಸದಾಗಿದ್ದಾಗ ಸೆಕೆಂಡಿಗೆ 175 ಕಿಲೋಬೈಟು ಓದುತ್ತಿದ್ದುದು, ಕೆಲವು ವಾರ ಬಳಸುವಷ್ಟರಲ್ಲಿ 30ಕ್ಕೆ ಇಳಿಯುತ್ತಿತ್ತೆಂದು ಅವರು 1984ರ ಲೇಖನದಲ್ಲಿ ದಾಖಲಿಸಿದ್ದಾರೆ. ಕಡತಗಳು ಹುಟ್ಟುತ್ತ ಅಳಿಯುತ್ತ ಖಾಲಿ ಬ್ಲಾಕುಗಳ ಪಟ್ಟಿ ಕಲಸುಮೇಲೋಗರವಾಗುತ್ತಿದ್ದುದೇ ಕಾರಣ. ಅವರು ಬ್ಲಾಕುಗಳನ್ನು ದೊಡ್ಡದು ಮಾಡಿದರು; ಡಿಸ್ಕನ್ನು ಓಣಿಗಳಾಗಿ ವಿಂಗಡಿಸಿ ಒಂದು ಫೋಲ್ಡರಿನ ಕಡತಗಳು ಆದಷ್ಟು ಒಂದೇ ಓಣಿಯಲ್ಲಿ ಇರುವಂತೆ ಮಾಡಿದರು. ಡಿಸ್ಕಿನ ಸಾಮರ್ಥ್ಯದಲ್ಲಿ 47 ಪ್ರತಿಶತದವರೆಗೆ ಕೈಗೆ ಬಂತು. ಅದೇ ಡಿಸ್ಕು, ಅದೇ ಯಂತ್ರ. ಬದಲಾದದ್ದು ಲೆಕ್ಕವಿಡುವ ರೀತಿ ಒಂದೇ.

ಲಿನಕ್ಸಿನ ಕಥೆ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್‌ನಿಂದ ಶುರುವಾಗುತ್ತದೆ. ಮೊದಲಿಗೆ ಅವನು ಮಿನಿಕ್ಸ್ ಎಂಬ ಪಾಠಕ್ಕಾಗಿ ಬರೆದ ವ್ಯವಸ್ಥೆಯ ಕಡತ ಪದ್ಧತಿಯನ್ನೇ ಬಳಸಿದ. ಅದರಲ್ಲಿ 64 ಮೆಗಾಬೈಟಿಗಿಂತ ದೊಡ್ಡ ಡಿಸ್ಕು ಸಲ್ಲದು, ಕಡತದ ಹೆಸರು 14 ಬೈಟು ದಾಟಬಾರದು. ಇಲ್ಲಿ ಕನ್ನಡಿಗರಿಗೊಂದು ಸ್ವಾರಸ್ಯವಿದೆ. ಇಂದು ಬಳಕೆಯಲ್ಲಿರುವ ಯುನಿಕೋಡ್ ಬರಹದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ವ್ಯಂಜನಕ್ಕೆ ಮೂರು, ಗುಣಿತದ ಚಿಹ್ನೆಗೆ ಮೂರು, ವಿರಾಮಕ್ಕೆ ಮೂರು. 'ಮಕ್ತಲ್' ಎಂದು ಬರೆದರೆ ಆರು ಚಿಹ್ನೆ, 18 ಬೈಟು. 'ಗದ್ವಾಲ್' 21, 'ನಾರಾಯಣಪೇಟೆ' 30. ಎಂದರೆ ನಮ್ಮ ಮೂರು ಊರುಗಳಲ್ಲಿ ಅತಿ ಚಿಕ್ಕ ಹೆಸರಿಗೂ ಆ ಮೊದಲ ವ್ಯವಸ್ಥೆಯಲ್ಲಿ ಜಾಗವಿರಲಿಲ್ಲ! 1992ರಲ್ಲಿ ಬಂದ ಎಕ್ಸ್ಟ್, 1993ರ ಜನವರಿಯಲ್ಲಿ ಬಂದ ಎಕ್ಸ್ಟ್2 ಎಂಬ ವ್ಯವಸ್ಥೆಗಳು ಈ ಮಿತಿಯನ್ನು 255ಕ್ಕೆ ಏರಿಸಿದವು. ಎಕ್ಸ್ಟ್2 ಅನ್ನು ಬರೆದವರಲ್ಲಿ ರೆಮಿ ಕಾರ್ಡ್, ಥಿಯೊಡೊರ್ ತ್ಸೋ, ಸ್ಟೀಫನ್ ಟ್ವೀಡಿ ಮುಖ್ಯರು. ಕನ್ನಡದಲ್ಲಿ ಹೆಸರಿಟ್ಟರೆ ಇಂದಿಗೂ 85 ಚಿಹ್ನೆಗಳಿಗೆ ಮಿತಿ. ಅಷ್ಟು ಉದ್ದದ ಹೆಸರನ್ನು ಯಾರಾದರೂ ಇಡುತ್ತಾರೆಯೇ ಎನ್ನಬೇಡಿ. ಮದುವೆಯ ವಿಡಿಯೋಗಳಿಗೆ ಜನ ಇಡುವ ಹೆಸರುಗಳನ್ನು ನಾವು ನೋಡಿದ್ದೇವೆ.

ಎಕ್ಸ್ಟ್2 ಚುರುಕಾಗಿತ್ತು. ಆದರೆ ಕರೆಂಟು ಹೋದರೆ ಅದಕ್ಕೆ ದಿಕ್ಕು ತಪ್ಪುತ್ತಿತ್ತು. ಮೇಲೆ ಹೇಳಿದ ಮೂರು ತಿದ್ದುಪಡಿಗಳಲ್ಲಿ ಒಂದು ಆಗಿ ಎರಡು ಆಗದೆ ಉಳಿದರೆ? ಖಾಲಿ ನಕ್ಷೆಯಲ್ಲಿ ತುಂಬಿದೆ ಎಂದಿರುತ್ತದೆ, ಆದರೆ ಆ ಬ್ಲಾಕು ಯಾವ ಕಡತಕ್ಕೂ ಸೇರಿರುವುದಿಲ್ಲ. ಅಥವಾ ಅದಕ್ಕಿಂತ ಕೆಟ್ಟದ್ದು: ಒಂದೇ ಬ್ಲಾಕು ಎರಡು ಕಡತಗಳಿಗೆ ಸೇರಿಬಿಡುತ್ತದೆ. ಆದ್ದರಿಂದ ಯಂತ್ರ ಮತ್ತೆ ಶುರುವಾದಾಗ ಡಿಸ್ಕಿನ ಇಡೀ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ತಾಳೆ ನೋಡಬೇಕಾಗುತ್ತಿತ್ತು. ಡಿಸ್ಕುಗಳು ದೊಡ್ಡದಾದಂತೆ ಈ ತಾಳೆಗೆ ಗಂಟೆಗಟ್ಟಲೆ ಹಿಡಿಯತೊಡಗಿತು.

ಇದಕ್ಕೆ ಕಂಡುಕೊಂಡ ಮದ್ದು ನಮ್ಮ ಅಡತಿ ಅಂಗಡಿಯವರಿಗೆ ಹಳೆಯದೇ. ವ್ಯಾಪಾರಿಯು ನೇರವಾಗಿ ಖಾತೆ ಪುಸ್ತಕಕ್ಕೆ ಕೈ ಹಾಕುವುದಿಲ್ಲ. ಆದದ್ದನ್ನೆಲ್ಲ ಮೊದಲು ಕಿರ್ದಿಯಲ್ಲಿ ಬರೆಯುತ್ತಾನೆ, ಆಮೇಲೆ ಪುರಸೊತ್ತಾಗಿ ಖಾತೆಗೆ ಏರಿಸುತ್ತಾನೆ. ಕಡತ ವ್ಯವಸ್ಥೆಗೂ ಒಂದು ಕಿರ್ದಿಯನ್ನು ಕೊಟ್ಟರು. ಸ್ಟೀಫನ್ ಟ್ವೀಡಿ ಬರೆದ ಎಕ್ಸ್ಟ್3 ಎಂಬ ವ್ಯವಸ್ಥೆ 2001ರ ನವೆಂಬರಿನಲ್ಲಿ ಲಿನಕ್ಸಿನ 2.4.15 ಆವೃತ್ತಿಗೆ ಸೇರಿತು. ಅದರಲ್ಲಿ ಮೂರು ಕಡೆಯ ತಿದ್ದುಪಡಿಗಳೂ ಒಟ್ಟಾಗಿ ಮೊದಲು ಕಿರ್ದಿಗೆ ಹೋಗುತ್ತವೆ. ಕೊನೆಗೆ 'ವ್ಯವಹಾರ ಪೂರ್ತಿಯಾಯಿತು' ಎಂಬ ಗುರುತು ಬೀಳುತ್ತದೆ. ಗುರುತು ಬೀಳುವ ಮೊದಲೇ ಕರೆಂಟು ಹೋದರೆ ಆ ವ್ಯವಹಾರ ನಡೆದೇ ಇಲ್ಲವೆಂದು ಬಿಟ್ಟುಬಿಡುತ್ತಾರೆ. ಗುರುತು ಬಿದ್ದ ಮೇಲೆ ಹೋದರೆ, ಯಂತ್ರ ಎದ್ದೊಡನೆ ಕಿರ್ದಿಯನ್ನು ಓದಿ ಖಾತೆಗೆ ಏರಿಸುತ್ತಾರೆ. ಗಂಟೆಗಳ ತಾಳೆ ಸೆಕೆಂಡುಗಳಿಗೆ ಇಳಿಯಿತು.

ಜಾಣ ವಿದ್ಯಾರ್ಥಿಯೊಬ್ಬ ಇಲ್ಲಿ ಕೇಳಬಹುದು: ಕಿರ್ದಿಯಿಂದ ಖಾತೆಗೆ ಏರಿಸುತ್ತಿರುವಾಗಲೇ ಮತ್ತೆ ಕರೆಂಟು ಹೋದರೆ ಅದೇ ಲೆಕ್ಕ ಎರಡು ಸಲ ಏರುವುದಿಲ್ಲವೆ? ಒಳ್ಳೆಯ ಪ್ರಶ್ನೆ. ಕಿರ್ದಿಯಲ್ಲಿ 'ರಾಮಣ್ಣನ ಬಾಕಿಗೆ 500 ಕೂಡಿಸು' ಎಂದು ಬರೆದಿದ್ದರೆ ಎರಡು ಸಲ ಕೂಡಿಸಿ ಲೆಕ್ಕ ಕೆಡುತ್ತಿತ್ತು. 'ರಾಮಣ್ಣನ ಬಾಕಿ ಈಗ 1,500' ಎಂದು ಬರೆದಿದ್ದರೆ ಹತ್ತು ಸಲ ಏರಿಸಿದರೂ 1,500ವೇ. ಎಕ್ಸ್ಟ್3 ಎರಡನೆಯ ರೀತಿಯನ್ನು ಹಿಡಿಯಿತು. ಬದಲಾದ ಬ್ಲಾಕಿನ ಪೂರ್ತಿ ಪ್ರತಿಯನ್ನೇ ಕಿರ್ದಿಯಲ್ಲಿ ಇಡುತ್ತದೆ. ಜಾಗ ಹೆಚ್ಚು ಬೇಕು, ಆದರೆ ತಲೆನೋವಿಲ್ಲ. ಕಡತದ ಒಳಗಿನ ಬರಹವನ್ನೂ ಹೀಗೆ ಎರಡೆರಡು ಸಲ ಬರೆದರೆ ವೇಗ ತೀರಾ ಕುಗ್ಗುವುದರಿಂದ ಸಾಮಾನ್ಯವಾಗಿ ಬರೀ ಲೆಕ್ಕದ ಪಟ್ಟಿಗಳನ್ನು ಮಾತ್ರ ಕಿರ್ದಿಗೆ ಹಾಕುತ್ತಾರೆ. ಬರಹವನ್ನು ಅದಕ್ಕೂ ಮೊದಲೇ ಅದರ ಸ್ವಂತ ಜಾಗದಲ್ಲಿ ಇಟ್ಟುಬಿಡುತ್ತಾರೆ.

ಎಕ್ಸ್ಟ್3 ಜನರ ವಿಶ್ವಾಸ ಗಳಿಸಿತು. ಬಿಕ್ಕಟ್ಟು ಬಂದದ್ದೇ ಆ ವಿಶ್ವಾಸದಿಂದ. 2006ರ ಹೊತ್ತಿಗೆ ಅದರ ಮಿತಿಗಳು ಕಾಣಿಸತೊಡಗಿದ್ದವು: 16 ಟೆರಾಬೈಟಿಗಿಂತ ದೊಡ್ಡ ಡಿಸ್ಕನ್ನು ಅದು ನಿಭಾಯಿಸಲಾರದು, ದೊಡ್ಡ ಕಡತಗಳಿಗೆ ನಿಧಾನ. ಸುಧಾರಣೆಗಳನ್ನು ಬರೆದವರು ಅವನ್ನು ಎಕ್ಸ್ಟ್3ಗೇ ಸೇರಿಸಲು ಹೊರಟರು. ಲಿನಸ್ ಟೋರ್ವಾಲ್ಡ್ಸ್ ಮತ್ತಿತರರು ಒಪ್ಪಲಿಲ್ಲ. ಲಕ್ಷಾಂತರ ಜನರ ಸ್ವತ್ತು ಅದರೊಳಗಿದೆ, ನಡೆಯುತ್ತಿರುವುದನ್ನು ಕೆದಕಬಾರದು ಎಂಬುದು ಅವರ ವಾದ. ಕೊನೆಗೆ 2006ರ ಜೂನ್‌ನಲ್ಲಿ ತ್ಸೋ ಒಂದು ಮಧ್ಯದ ದಾರಿಯನ್ನು ಪ್ರಕಟಿಸಿದರು: ಎಕ್ಸ್ಟ್3ರ ನಕಲೊಂದನ್ನು ಮಾಡಿ, ಹೊಸದನ್ನೆಲ್ಲ ಅದರಲ್ಲಿ ಬೆಳೆಸುವುದು, ಹಳೆಯದನ್ನು ಮುಟ್ಟದೆ ಇಡುವುದು. ಆ ನಕಲು 2006ರ ನವೆಂಬರಿನ 2.6.19 ಆವೃತ್ತಿಯಲ್ಲಿ ಬಂದು, 2008ರ ಡಿಸೆಂಬರ್ 25ರಂದು ಹೊರಟ 2.6.28ರಲ್ಲಿ ಎಕ್ಸ್ಟ್4 ಎಂಬ ಪೂರ್ಣ ಹೆಸರು ಪಡೆಯಿತು. ಎರಡು ವರ್ಷ ಪ್ರಯೋಗದ ಹಂತದಲ್ಲೇ ಇಟ್ಟದ್ದು ನಮಗೆ ಸರಿಯಾದ ಎಚ್ಚರವೆಂದೇ ತೋರುತ್ತದೆ.

ಈ ಎಕ್ಸ್ಟ್4ರ ಕೆಲಸದಲ್ಲಿಯೇ ಬೆಂಗಳೂರಿನ ಹೆಸರು ಬರುವುದು. ಐಬಿಎಂ ಸಂಸ್ಥೆಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಒಂದು ಶಾಖೆ ಅಲ್ಲಿತ್ತು. ಆ ಸಂಸ್ಥೆಯ ಸುಪರ್ಣಾ ಭಟ್ಟಾಚಾರ್ಯ, ಅಮಿತ್ ಅರೋರಾ, ಅನೀಶ್ ಕುಮಾರ್ ಕೆ.ವಿ. ಇವರು ಅಮೆರಿಕದ ಮಿಂಗ್‌ಮಿಂಗ್ ಕಾವ್, ಕೆನಡಾದ ಆಂಡ್ರಿಯಸ್ ಡಿಲ್ಗರ್ ಮೊದಲಾದವರ ಜೊತೆ ಕೆಲಸ ಮಾಡಿದರು. ಒಬ್ಬರು ಬರೆದ ತಿದ್ದುಪಡಿ ಪತ್ರದ ಮೂಲಕ ಎಲ್ಲರಿಗೂ ಹೋಗುತ್ತದೆ, ಎಲ್ಲರೂ ಅದರಲ್ಲಿ ಹುಳುಕು ಹುಡುಕುತ್ತಾರೆ, ಬರೆದವರು ತಿದ್ದಿ ಮತ್ತೆ ಕಳಿಸುತ್ತಾರೆ. ಹತ್ತು ಸಲ ಹಿಂದಿರುಗಿ ಬಂದ ತಿದ್ದುಪಡಿಗಳೂ ಉಂಟು. ನಮ್ಮ ಗಣಿತದ ಮೇಷ್ಟ್ರು ಲೆಕ್ಕದ ಪುಸ್ತಕ ಹಿಂದಿರುಗಿಸುವುದು ಕಠಿಣವೆನ್ನುವವರು ಇದನ್ನು ನೋಡಬೇಕು.

ಎಕ್ಸ್ಟ್4ರ ಮೊದಲ ಸುಧಾರಣೆ ಜಾಗದ ಲೆಕ್ಕದಲ್ಲಿ. 100 ಮೆಗಾಬೈಟಿನ ಕಡತಕ್ಕೆ 25,600 ಬ್ಲಾಕು ಬೇಕು. ಎಕ್ಸ್ಟ್3 ಆ 25,600 ಸಂಖ್ಯೆಗಳನ್ನೂ ಒಂದೊಂದಾಗಿ ಬರೆದಿಡುತ್ತಿತ್ತು. ಒಂದಕ್ಕೆ ನಾಲ್ಕು ಬೈಟಿನಂತೆ ಬರೀ ಪಟ್ಟಿಗೇ 100 ಕಿಲೋಬೈಟು. ಎಕ್ಸ್ಟ್4 'ಇಂಥ ಬ್ಲಾಕಿನಿಂದ ಶುರು, ಸಾಲಾಗಿ 25,600' ಎಂದು ಒಂದೇ ಸಾಲಿನಲ್ಲಿ 12 ಬೈಟುಗಳಲ್ಲಿ ಮುಗಿಸುತ್ತದೆ. ಬ್ಲಾಕುಗಳು ಒಂದರ ಪಕ್ಕ ಒಂದಿದ್ದರೆ ಇಂಥ ಒಂದು ಸಾಲು 128 ಮೆಗಾಬೈಟಿನವರೆಗೆ ಹಿಡಿಯಬಲ್ಲದು. ಈ ಕಲ್ಪನೆಯನ್ನು ಲಿನಕ್ಸಿನ ಎಕ್ಸ್ಟ್ ವಂಶಕ್ಕೆ ತಂದವರು ಅಲೆಕ್ಸ್ ಟೋಮಸ್.

ಅಮಿತ್ ಅರೋರಾ ಅವರ ಹೆಸರು ಸೇರಿಕೊಂಡಿರುವುದು ಜಾಗ ಕಾದಿರಿಸುವ ಕೆಲಸಕ್ಕೆ. ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವುದನ್ನು ಎಲ್ಲರೂ ಬಲ್ಲರು. ದೊಡ್ಡ ವಿಡಿಯೋ ಬರೆಯಲಿರುವ ತಂತ್ರಾಂಶವೂ ಹಾಗೆಯೇ 'ನನಗೆ ಇಷ್ಟು ಜಾಗ ಬೇಕು' ಎಂದು ಕರ್ನಲಿಗೆ ಮೊದಲೇ ಹೇಳಬಲ್ಲದು. ಅದರಿಂದ ಜಾಗ ಸಾಲಾಗಿ ಸಿಗುತ್ತದೆ. ಅರ್ಧ ಬರೆದ ಮೇಲೆ 'ಡಿಸ್ಕು ತುಂಬಿತು' ಎಂಬ ಗೋಳೂ ಇಲ್ಲ. ಹೀಗೆ ಹೇಳುವ 'ಫಾಲೊಕೇಟ್' ಎಂಬ ಕರೆ 2007ರ ಅಕ್ಟೋಬರಿನ 2.6.23 ಆವೃತ್ತಿಯಲ್ಲಿ ಬಂತು. ಇದರಲ್ಲೊಂದು ಸೂಕ್ಷ್ಮವಿದೆ. ಕಾದಿರಿಸಿದ ಜಾಗದಲ್ಲಿ ಹಿಂದೆ ಯಾರದೋ ಅಳಿಸಿದ ಪತ್ರ ಉಳಿದಿರಬಹುದು. ಹೊಸಬ ಅದನ್ನು ಓದಿಬಿಟ್ಟರೆ? ಆದ್ದರಿಂದ ಅಂಥ ಜಾಗಕ್ಕೆ 'ಇನ್ನೂ ಬರೆದಿಲ್ಲ' ಎಂಬ ಗುರುತು ಹಾಕುತ್ತಾರೆ. ಬರೆಯುವ ಮುನ್ನ ಓದಿದರೆ ಬರೀ ಸೊನ್ನೆಗಳೇ ಕಾಣುತ್ತವೆ.

ಅನೀಶ್ ಕುಮಾರ್ 2007ರಲ್ಲಿ ಬರೆದದ್ದು ಹಳೆಯ ಪಟ್ಟಿಯನ್ನು ಹೊಸ ಪಟ್ಟಿಗೆ ಬದಲಾಯಿಸುವ ಭಾಗ. ಎಕ್ಸ್ಟ್3ರ ಡಿಸ್ಕನ್ನು ಎಕ್ಸ್ಟ್4 ಆಗಿ ಬಳಸತೊಡಗಿದರೆ ಹಳೆಯ ಕಡತಗಳು ಹಳೆಯ ಪಟ್ಟಿಯಲ್ಲೇ ಉಳಿದು, ಹೊಸವು ಮಾತ್ರ ಹೊಸ ರೀತಿಯಲ್ಲಿ ಬರೆಯಲ್ಪಡಬಹುದು. ನಮ್ಮ ಗದ್ವಾಲ್ ಸೀರೆಯಲ್ಲಿ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯವು. ಎರಡನ್ನೂ ಮಗ್ಗದಲ್ಲೇ ಕೊಂಡಿ ಹಾಕಿ ಸೇರಿಸುತ್ತಾರೆ. ಒಂದೇ ಡಿಸ್ಕಿನಲ್ಲಿ ಎರಡು ಬಗೆಯ ನೂಲು ಹೀಗೆ ಕೂಡಿ ಬಾಳುತ್ತವೆ. ಅನೀಶರ ಭಾಗವು ಬೇಕೆಂದವರಿಗೆ ಒಂದೊಂದೇ ಹಳೆಯ ಕಡತದ ಪಟ್ಟಿಯನ್ನು ಹೊಸದಾಗಿಸಿಕೊಡುತ್ತಿತ್ತು. ಒಳಗಿನ ಬರಹ ಇದ್ದಲ್ಲೇ ಇರುತ್ತದೆ, ಅಂಗಡಿ ಮುಚ್ಚಬೇಕಾಗಿಲ್ಲ.

ಮೂರನೆಯ ಸುಧಾರಣೆ ಬಹಳ ಮಾತಿಗೆ ಕಾರಣವಾಯಿತು. ಮದುವೆಯ ಊಟದ ಮನೆಯಲ್ಲಿ ಬಂದವರನ್ನು ಬಂದ ಹಾಗೆ ಕೂರಿಸಿದರೆ ಒಂದೇ ಮನೆಯವರು ನಾಲ್ಕು ಪಂಕ್ತಿಗೆ ಚೆದುರುತ್ತಾರೆ. ತುಸು ತಡೆದು, ಎಲ್ಲರೂ ಬಂದ ಮೇಲೆ ಕೂರಿಸಿದರೆ ಒಟ್ಟಿಗೆ ಕೂರುತ್ತಾರೆ. ಎಕ್ಸ್ಟ್4 ಹೀಗೆ ತಡೆಯುವುದನ್ನು ಕಲಿಯಿತು. ಬರಹವನ್ನು ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿಟ್ಟುಕೊಂಡು, ಕಡತ ಎಷ್ಟು ದೊಡ್ಡದಾಗುವುದೆಂದು ನೋಡಿ, ಆಮೇಲೆ ಡಿಸ್ಕಿನಲ್ಲಿ ಜಾಗ ಕೊಡುತ್ತದೆ. ವೇಗ ಹೆಚ್ಚಿತು. ಆದರೆ ಹಿಂದೆ ಸುಮಾರು 5 ಸೆಕೆಂಡಿಗೊಮ್ಮೆ ಡಿಸ್ಕಿಗೆ ಸೇರುತ್ತಿದ್ದುದು ಈಗ ಅರ್ಧ ನಿಮಿಷ ಅಥವಾ ಅದಕ್ಕೂ ಹೆಚ್ಚು ಹೊತ್ತು ಸ್ಮೃತಿಯಲ್ಲೇ ಇರತೊಡಗಿತು.

2009ರ ಆರಂಭದಲ್ಲಿ ದೂರುಗಳು ಬಂದವು. ಯಂತ್ರ ಥಟ್ಟನೆ ನಿಂತು ಮತ್ತೆ ಎದ್ದಾಗ ಕೆಲವು ಕಡತಗಳ ಹೆಸರು ಇತ್ತು, ಒಳಗೆ ಸೊನ್ನೆ ಬೈಟು! ಅನೇಕ ತಂತ್ರಾಂಶಗಳು ಹಳೆಯ ಕಡತವನ್ನು ಬರಿದು ಮಾಡಿ ಅದರಲ್ಲೇ ಹೊಸದನ್ನು ಬರೆಯುತ್ತಿದ್ದವು. ಕೆಲವು ಬೇರೆ ಹೆಸರಿನಲ್ಲಿ ಬರೆದು ಹಳೆಯದರ ಮೇಲೆ ಹೆಸರು ಬದಲಿಸುತ್ತಿದ್ದವು. ಹೆಸರಿನ ಬದಲಾವಣೆ ಕಿರ್ದಿಯ ಮೂಲಕ ಬೇಗ ಡಿಸ್ಕಿಗೆ ಸೇರಿತು. ಒಳಗಿನ ಬರಹ ಇನ್ನೂ ಸ್ಮೃತಿಯಲ್ಲಿ ಸರದಿ ಕಾಯುತ್ತಿತ್ತು. ಹಳೆಯದೂ ಹೋಯಿತು, ಹೊಸದೂ ಬರಲಿಲ್ಲ.

ತಪ್ಪು ಯಾರದು? ತ್ಸೋ ಅವರು ಕೊಟ್ಟ ಉತ್ತರ ನಿಯಮದ ಪ್ರಕಾರ ಸರಿಯಾಗಿತ್ತು. 'ಎಫ್‌ಸಿಂಕ್' ಎಂಬ ಒಂದು ಕರೆ ಮೊದಲಿನಿಂದ ಇದೆ. 'ಇದನ್ನು ಈಗಲೇ ಡಿಸ್ಕಿಗೆ ಮುಟ್ಟಿಸು, ಮುಟ್ಟಿದ ಮೇಲೆ ಹೇಳು' ಎಂದು ಅದರ ಅರ್ಥ. ಅದನ್ನು ಕೇಳದ ತಂತ್ರಾಂಶಕ್ಕೆ ಯಾವ ಭರವಸೆಯನ್ನೂ ಯಾರೂ ಕೊಟ್ಟಿರಲಿಲ್ಲ. ಆದರೆ ಎಕ್ಸ್ಟ್3ರ ಕಾಲದಲ್ಲಿ ಕೇಳದೆಯೇ ಸಿಗುತ್ತಿದ್ದ ಭದ್ರತೆಗೆ ಜನ ಒಗ್ಗಿಹೋಗಿದ್ದರು. ದಿನವೂ ಬಾಗಿಲಿಗೆ ಬರುತ್ತಿದ್ದ ಹಾಲಿನವನು 'ನಾನು ಬರುತ್ತೇನೆಂದು ಬರೆದುಕೊಟ್ಟಿಲ್ಲ' ಎಂದರೆ ಅದು ನಿಜವೇ. ಮನೆಯಲ್ಲಿ ಮಾತ್ರ ಕಾಫಿ ಇಲ್ಲ. ತ್ಸೋ ತಮ್ಮ ವಾದವನ್ನು ಬಿಡಲಿಲ್ಲ, ಆದರೂ ತಿದ್ದುಪಡಿ ಬರೆದರು: ಹೀಗೆ ಹಳೆಯ ಕಡತದ ಮೇಲೆ ಹೊಸದು ಕೂರುವ ಸಂದರ್ಭಗಳನ್ನು ಗುರುತಿಸಿ, ಅಲ್ಲಿ ತಡಮಾಡದೆ ಜಾಗ ಕೊಟ್ಟು ಬರೆಯುವುದು. ಅದು 2009ರಲ್ಲಿಯೇ 2.6.30 ಆವೃತ್ತಿಗೆ ಸೇರಿತು. ನಿಯಮ ಬಲ್ಲವನು ನಿಯಮದಾಚೆಗೂ ಕೈ ಚಾಚಿದ ಈ ನಡತೆ ನಮಗೆ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚುಗೆಯಾದದ್ದು.

ಈಗ ಮೊದಲು ಕೇಳಿದ ಎರಡೆಕರೆಯ ಪ್ರಶ್ನೆಗೆ ಬರೋಣ. ಭೂದಾಖಲೆ, ಬ್ಯಾಂಕಿನ ಖಾತೆ ಇಂಥವನ್ನು ನೋಡಿಕೊಳ್ಳುವ ದತ್ತಸಂಚಯ ತಂತ್ರಾಂಶಗಳು ಕಡತ ವ್ಯವಸ್ಥೆಯ ಕಿರ್ದಿಯನ್ನಷ್ಟೇ ನಂಬಿ ಕೂರುವುದಿಲ್ಲ. ಅವು ತಮ್ಮದೇ ಇನ್ನೊಂದು ಕಿರ್ದಿಯನ್ನು ಇಡುತ್ತವೆ. ಮಾರಿದವನ ಹೆಸರು ತೆಗೆಯುವುದು, ಕೊಂಡವನ ಹೆಸರು ಸೇರಿಸುವುದು ಎರಡೂ ಒಂದೇ ವ್ಯವಹಾರವಾಗಿ ಅದರಲ್ಲಿ ಸೇರುತ್ತವೆ. ಎಫ್‌ಸಿಂಕ್ ಕರೆದು, ಡಿಸ್ಕಿಗೆ ಮುಟ್ಟಿತೆಂಬ ಉತ್ತರ ಬಂದ ಮೇಲೆಯೇ 'ಆಯಿತು' ಎನ್ನುತ್ತವೆ. ಆದ್ದರಿಂದ ಕರೆಂಟು ಯಾವಾಗ ಹೋದರೂ ಹೊಲ ಒಂದೋ ಹಳೆಯವನ ಹೆಸರಿನಲ್ಲಿ, ಇಲ್ಲವೇ ಹೊಸಬನ ಹೆಸರಿನಲ್ಲಿ ಇರಬೇಕು. ನಡುವೆ ನೇತಾಡುವಂತಿಲ್ಲ.

ಎಲ್ಲವೂ ನಿಂತಿರುವುದು ಆ 'ಮುಟ್ಟಿತು' ಎಂಬ ಉತ್ತರದ ಮೇಲೆ. 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ದತ್ತಸಂಚಯದವರು ಗಾಬರಿಗೊಳಿಸುವ ಸಂಗತಿಯೊಂದನ್ನು ಕಂಡರು. ಡಿಸ್ಕು ಕೆಟ್ಟು ಬರಹ ಸೇರದಿದ್ದರೆ ಲಿನಕ್ಸಿನ ಎಫ್‌ಸಿಂಕ್ ಒಮ್ಮೆ 'ಆಗಲಿಲ್ಲ' ಎನ್ನುತ್ತಿತ್ತು. ಮತ್ತೊಮ್ಮೆ ಕೇಳಿದರೆ 'ಆಯಿತು' ಎನ್ನುತ್ತಿತ್ತು, ಸೇರದ ಬರಹ ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಎರಡನೆಯ ಉತ್ತರವನ್ನು ನಂಬಿ ಅವರು ವರ್ಷಗಳಿಂದ ಕೆಲಸ ನಡೆಸಿದ್ದರು. 2019ರಿಂದ ಪೋಸ್ಟ್‌ಗ್ರೆಸ್ ಮೊದಲ 'ಆಗಲಿಲ್ಲ' ಕೇಳಿದೊಡನೆ ಕೆಲಸ ನಿಲ್ಲಿಸಿ, ತನ್ನ ಕಿರ್ದಿಯಿಂದ ಎಲ್ಲವನ್ನೂ ಮತ್ತೆ ಏರಿಸಿಕೊಳ್ಳುತ್ತದೆ.

ಇಂಥ ದೋಷಗಳನ್ನು ಕಂಡುಹಿಡಿಯುವುದು ಬಲು ಕಷ್ಟ. ಪ್ರತಿ ಸಲವೂ ಕರೆಂಟು ಕಿತ್ತು ನೋಡುವುದು ಆಗುವ ಮಾತೆ? ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಯಶ್ರೀ ಮೋಹನ್, ವಿಜಯ್ ಚಿದಂಬರಂ ಮತ್ತು ಸಂಗಡಿಗರು 2018ರಲ್ಲಿ 'ಕ್ರ್ಯಾಶ್‌ಮಂಕಿ' ಎಂಬ ಸಲಕರಣೆಯನ್ನು ಪ್ರಕಟಿಸಿದರು. ಅದು ಚಿಕ್ಕ ಚಿಕ್ಕ ಕೆಲಸಗಳ ಸರಣಿಗಳನ್ನು ತಾನೇ ಹುಟ್ಟಿಸಿ, ಎಫ್‌ಸಿಂಕ್ ಆದೊಡನೆ ಯಂತ್ರ ನಿಂತಂತೆ ನಟಿಸಿ, ಉಳಿಯಬೇಕಾದದ್ದು ಉಳಿದಿದೆಯೇ ಎಂದು ನೋಡುತ್ತದೆ. ಪಳಗಿದವು ಎನಿಸಿಕೊಂಡ ಲಿನಕ್ಸಿನ ಕಡತ ವ್ಯವಸ್ಥೆಗಳಲ್ಲೇ ಅವರಿಗೆ ಹತ್ತು ಹೊಸ ದೋಷಗಳು ಸಿಕ್ಕವು. ಅವುಗಳಲ್ಲಿ ಏಳು 2014ರಿಂದಲೂ ಅಡಗಿ ಕೂತಿದ್ದವು.

ಪಾಲಕರ ಜೇಬಿನಲ್ಲಿರುವ ಫೋನಿಗೂ ಇದಕ್ಕೂ ಸಂಬಂಧವಿದೆ. 2010ರ ಕೊನೆಗೆ ಬಂದ ನೆಕ್ಸಸ್ ಎಸ್ ಎಂಬ ಫೋನಿನಿಂದ ಆಂಡ್ರಾಯ್ಡ್ ಎಕ್ಸ್ಟ್4 ಅನ್ನು ಬಳಸತೊಡಗಿತು. ಇಂದಿನ ಫೋನುಗಳಲ್ಲಿ ಹಲವು ಅದನ್ನು, ಹಲವು ಸ್ಯಾಮ್‌ಸಂಗ್‌ನವರು ಆರಂಭಿಸಿ 2013ರಲ್ಲಿ ಲಿನಕ್ಸಿಗೆ ಸೇರಿದ ಎಫ್2ಎಫ್‌ಎಸ್ ಎಂಬುದನ್ನು ಬಳಸುತ್ತವೆ. ಪೆನ್‌ಡ್ರೈವಿನ ಕಥೆ ಬೇರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಕಿರ್ದಿಯೇ ಇಲ್ಲದ ಹಳೆಯ ಫ್ಯಾಟ್ ಪದ್ಧತಿ. 'ಸುರಕ್ಷಿತವಾಗಿ ತೆಗೆ' ಎಂಬುದನ್ನು ಒತ್ತದೆ ಕಿತ್ತರೆ ಹಾಳಾಗುವುದು ಇದಕ್ಕಾಗಿಯೇ. ಆ ಗುಂಡಿ ಒತ್ತಿದಾಗ ಸ್ಮೃತಿಯಲ್ಲಿ ಕಾಯುತ್ತಿರುವುದೆಲ್ಲ ಡಿಸ್ಕಿಗೆ ಹೋಗುತ್ತದೆ. ಯೋಜನಾ ಕಾರ್ಯವನ್ನು ಪೆನ್‌ಡ್ರೈವಿನಲ್ಲಿ ತರುವ ಹತ್ತನೆಯ ತರಗತಿಯವರು ಇದನ್ನೊಂದು ಸಲ ಓದಿಕೊಳ್ಳಲಿ.

ಕೆಲಸ ಇನ್ನೂ ನಡೆದಿದೆ, ಅದರಲ್ಲಿ ಭಾರತೀಯರ ಕೈ ಈಗ ಮೊದಲಿಗಿಂತ ದೊಡ್ಡದು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ದೊಡ್ಡ ಕಡತ ವ್ಯವಸ್ಥೆಯಲ್ಲಿ ಒಂದು ಕಡತ ಎಷ್ಟು ತುಂಡಾಗಬಹುದೆಂಬ ಮಿತಿಯನ್ನು ಬಹಳ ಮೇಲಕ್ಕೆ ಏರಿಸಿದ ತಿದ್ದುಪಡಿ 2022ರ 5.19 ಆವೃತ್ತಿಯಲ್ಲಿ ಬಂತು. ಬರೆದವರು ಚಂದನ್ ಬಾಬು. 2023ರಿಂದ ಸುಮಾರು ಒಂದು ವರ್ಷಕ್ಕೂ ಹೆಚ್ಚು ಕಾಲ ಆ ವ್ಯವಸ್ಥೆಯ ಮೇಲ್ವಿಚಾರಣೆಯನ್ನೂ ಅವರು ವಹಿಸಿದ್ದರು. 2025ರ ಜನವರಿಯ 6.13 ಆವೃತ್ತಿಯಲ್ಲಿ ಎಕ್ಸ್ಟ್4ಗೆ 'ಬರೆದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ' ಎಂಬ ಬಗೆಯ ಬರವಣಿಗೆ ಬಂದದ್ದು ರಿತೇಶ್ ಹರ್ಜಾನಿಯವರ ಕೆಲಸ. ಡಿಸ್ಕು ಅದಕ್ಕೆ ಒಪ್ಪುವಂಥದಾಗಿದ್ದರೆ ದತ್ತಸಂಚಯಗಳು ಒಂದೇ ಬರಹವನ್ನು ಎರಡೆರಡು ಕಡೆ ಬರೆಯುವ ಹಳೆಯ ಎಚ್ಚರವನ್ನು ಬಿಡಬಹುದು.

ಬಾಕಿ ಉಳಿದ ಒಂದು ಸಂಗತಿ ಕಾಲದ್ದು. ಎಕ್ಸ್ಟ್3 ಕಡತ ಬದಲಾದ ಸಮಯವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇಡುತ್ತದೆ. ಆ ಎಣಿಕೆ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಇಂದು ಎಂಟನೆಯ ತರಗತಿಯಲ್ಲಿರುವವರು ಆಗ ಇಪ್ಪತ್ತೈದರ ಆಸುಪಾಸಿನಲ್ಲಿರುತ್ತಾರೆ. ಎಕ್ಸ್ಟ್4ರಲ್ಲಿ ಐನೋಡನ್ನು 256 ಬೈಟಿಗೆ ಹಿಗ್ಗಿಸಿ, ಅದರಲ್ಲಿ ಸಿಕ್ಕ ಜಾಗದಲ್ಲಿ ಎರಡು ಅಂಕಿಗಳನ್ನು ಹೆಚ್ಚಾಗಿ ಸೇರಿಸಿದ್ದಾರೆ. ಆ ಎಣಿಕೆ 2446ರವರೆಗೆ ಸಾಗುತ್ತದೆ. ಐನೋಡು 128 ಬೈಟು ಮಾತ್ರ ಇರುವ ಹಳೆಯ ಡಿಸ್ಕುಗಳು ಇನ್ನೂ ಕೆಲವು ಕಡೆ ತಿರುಗುತ್ತಿವೆ. ಅವುಗಳಲ್ಲಿರುವುದನ್ನು 2038ರ ಒಳಗೆ ಯಾರಾದರೂ ಬೇರೆ ಕಡೆಗೆ ಎತ್ತಿ ಬರೆಯಬೇಕಾಗಿದೆ.